ಹಳೇ ಪದ್ಮಿನಿಗೆ ಹೊಸ ಒಳಾಂಗಣ: ಎರಡು ಮಳೆಗಾಲ ಕಳೆದ ಮೇಲೆ

ನಮ್ಮದು 1989ರ ಪ್ರೀಮಿಯರ್ ಪದ್ಮಿನಿ. ಅಪ್ಪ ಕೊಂಡ ಕಾರು, ಈಗ ನಾನು ಓಡಿಸುತ್ತೇನೆ. ಊರು ತೀರ್ಥಹಳ್ಳಿ. ಎರಡು ವರ್ಷದ ಹಿಂದೆ ಒಳಗಿನದೆಲ್ಲ ಬಿಚ್ಚಿಸಿ ಹೊಸದು ಮಾಡಿಸಿದೆ. 41 ಸಾವಿರ ಬಿತ್ತು. ಆ ವಾರವೇ ಬರೆದಿದ್ದರೆ ಕಾರ್ಪೆಟ್ಟಿಗೆ ಪೂರ್ತಿ ಅಂಕ ಕೊಡುತ್ತಿದ್ದೆ. ಈಗ ಕೊಡಲ್ಲ.

ಮೊದಲು ಸೀಟು. ಪದ್ಮಿನಿಯ ಮುಂದಿನ ಸೀಟು ಬೆಂಚಿನ ಹಾಗೆ ಉದ್ದಕ್ಕೆ ಒಂದೇ. ಗೇರು ಸ್ಟೀರಿಂಗ್ ಪಕ್ಕದಲ್ಲೇ ಇರುವುದರಿಂದ ನಡುವೆ ಏನೂ ಅಡ್ಡ ಇಲ್ಲ. ಹಳೇ ರೆಕ್ಸಿನ್ ಹರಿದಾಗ ಒಳಗಿನ ತೆಂಗಿನ ನಾರು ಪುಡಿಪುಡಿಯಾಗಿ ಕೆಳಗೆ ಸುರಿಯಿತು. ಸೀಟು ಹೊಲಿಯುವವರು, 'ಪೂರ್ತಿ ಫೋಮ್ ಹಾಕಿ ಸಾರ್, ಮೆತ್ತಗಿರ್ತದೆ' ಅಂದರು. ಅಪ್ಪ ಒಪ್ಪಲಿಲ್ಲ. ಕೆಳಗೆ ನಾರಿನ ಶೀಟು, ಮೇಲೆ ಒಂದೇ ಇಂಚು ಫೋಮ್ ಅಂತ ಹಟ ಹಿಡಿದರು. ಅವರ ಮಾತೇ ಸರಿಯಾಯಿತು. ನಾರಿನ ಸಂದಿಯಲ್ಲಿ ಗಾಳಿ ಆಡುತ್ತದೆ, ಶಿವಮೊಗ್ಗಕ್ಕೆ ಹೋಗಿ ಬಂದರೂ ಬೆನ್ನು ಬೆವರಲ್ಲ. ಸೀಟು ಇವತ್ತಿಗೂ ಕುಸಿದಿಲ್ಲ. ಕಂದು ರೆಕ್ಸಿನ್, ಅಂಚಿಗೆ ಬಿಳಿ ಪೈಪಿಂಗ್. ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿ, ಮುಂದಿನ ಬಾಗಿಲಿನ ತಿಕೋನ ಗಾಜನ್ನು ಸ್ವಲ್ಪ ತಿರುಗಿಸಿಟ್ಟು ಹೊರಡುತ್ತೇನೆ. ಪೇಟೆ ದಾಟುವಷ್ಟರಲ್ಲಿ ಆ ಗಾಳಿ ಮುಖಕ್ಕೆ ಬಡಿಯುತ್ತದಲ್ಲ, ಅದಕ್ಕೇ ಈ ಕಾರು ಮಾರಲು ಮನಸ್ಸಾಗಲ್ಲ.

ಬಾಗಿಲಿನ ಹಲಗೆ, ಮೇಲಿನ ಲೈನಿಂಗ್ ಎರಡೂ ಚೆನ್ನಾಗಿವೆ. ಒಂದು ವಿಷಯ ಗಮನಿಸಿ. ಗಾಜಿನ ಮೇಲೆ ಬಿದ್ದ ಮಳೆನೀರು ಬಾಗಿಲಿನ ಒಳಕ್ಕೂ ಇಳಿಯುತ್ತದೆ, ತಳದ ತೂತಿನಿಂದ ಹೊರಗೆ ಹೋಗುತ್ತದೆ. ಹಲಗೆಯ ಹಿಂದೆ ಪ್ಲಾಸ್ಟಿಕ್ ಹಾಳೆ ಅಂಟಿಸದಿದ್ದರೆ ಹೊಸ ಹಲಗೆಯೂ ಉಬ್ಬುತ್ತದೆ. ನಾನು ಎದುರಿಗೇ ನಿಂತು ಅಂಟಿಸಿಸಿದೆ.

ಇನ್ನು ಕಾರ್ಪೆಟ್. ಅಡಿಯಲ್ಲಿ ಕಂಬಳಿಯಂಥ ದಪ್ಪ ಹಾಸು, ಅಂದರೆ ಫೆಲ್ಟ್, ಮೇಲೆ ಕಡುಗಂದು ಕಾರ್ಪೆಟ್, 9 ಸಾವಿರ. ಹಾಕಿದ ದಿನ ಶೋರೂಮಿನಿಂದ ತಂದ ಕಾರಿನ ಹಾಗೆ ಕಾಣುತ್ತಿತ್ತು. ಸದ್ದೂ ಕಡಿಮೆಯಾಯಿತು. ಜೂನ್ ಮೂರನೇ ವಾರಕ್ಕೆ ಒದ್ದೆ ಗೋಣಿಚೀಲದ ವಾಸನೆ ಶುರುವಾಯಿತು. ಕೈಯಿಟ್ಟು ನೋಡಿದರೆ ಮೇಲೆ ಒಣಗಿದೆ. ಎತ್ತಿ ನೋಡಿದರೆ ಫೆಲ್ಟ್ ನೀರು ಕುಡಿದು ಕೂತಿದೆ, ಹಿಂಡಿದರೆ ಸುರಿಯುತ್ತದೆ. ಮುಂದಿನ ಗಾಜಿನ ಸುತ್ತ ನೀರು ತಡೆಯುವ ರಬ್ಬರ್ ಪಟ್ಟಿ, ಅಂದರೆ ಬೀಡಿಂಗ್, ಒಂದು ಮೂಲೆಯಲ್ಲಿ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಡ್ಯಾಶ್‌ಬೋರ್ಡಿನ ಹಿಂದಿನಿಂದ ನೀರು ಸದ್ದಿಲ್ಲದೆ ಇಳಿಯುತ್ತಿತ್ತು. ನಮ್ಮ ಕಡೆ ಜುಲೈನಲ್ಲಿ ಬಿಸಿಲೆಲ್ಲಿ? ಬಚ್ಚಲ ಒಲೆಯ ಪಕ್ಕ ಹರಡಿ ಒಣಗಿಸುವುದು, ಮತ್ತೆ ಹಾಸುವುದು, ಮತ್ತೆ ಒದ್ದೆ. ಆಗಸ್ಟ್‌ನಲ್ಲಿ ಡ್ರೈವರ್ ಕಾಲಿನ ಹತ್ತಿರ ಸ್ಕ್ರೂಡ್ರೈವರ್ ಒತ್ತಿದರೆ ತಗಡೇ ತೂತಾಯಿತು. ತೇಪೆ, ವೆಲ್ಡಿಂಗ್, ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಅಂತ ಮತ್ತೆ 4,500.

ನನಗೆ ಬೇಸರ ಆಗಿದ್ದು ಇಲ್ಲಿ. ಸೀಟು ಬಿಚ್ಚಿ ನೆಲ ಬರಿದಾಗಿದ್ದಾಗ ಗಾಜಿನ ಮೇಲೆ ನಾಲ್ಕು ಬಕೆಟ್ ನೀರು ಸುರಿದಿದ್ದರೆ ಸಾಕಿತ್ತು, ಸೋರುವ ಜಾಗ ಹತ್ತು ನಿಮಿಷದಲ್ಲಿ ಸಿಗುತ್ತಿತ್ತು. ಅಂಗಡಿಯವರು ಆ ಮಾತೇ ಎತ್ತಲಿಲ್ಲ. ಕೇಳಿದ್ದಕ್ಕೆ, 'ಹಳೇ ಗಾಡಿ ಅಂದ್ರೆ ಸೋರ್ತದೆ' ಅಂದರು. ಸೋರುತ್ತದೆ ಅಂತ ಗೊತ್ತಿದ್ದ ಮೇಲೆ ಫೆಲ್ಟ್ ಯಾಕೆ ಹಾಸಬೇಕಿತ್ತು?

ಮಳೆ ನಿಂತ ಮೇಲೆ ಬೀಡಿಂಗ್ ಬದಲಾಯಿಸಿದೆ. ನೀರು ಸುರಿದು ನೋಡಿದೆ. ಕಾರ್ಪೆಟ್ ತೆಗೆದು, ಅಳತೆಗೆ ಕತ್ತರಿಸಿದ ರಬ್ಬರ್ ಮ್ಯಾಟ್ ಹಾಕಿದೆ. ಅಪ್ಪ ಕೊಂಡಾಗ ಇದ್ದದ್ದೂ ರಬ್ಬರ್ ಮ್ಯಾಟೇ. ಒಳಗೆ ಇಂಜಿನ್ ಸದ್ದು ಜಾಸ್ತಿಯಾಗಿದೆ, ನಿಜ. ಆದರೆ ಎರಡನೇ ಮಳೆಗಾಲ ಪೂರ್ತಿ ನೆಲ ಒಣಗಿಯೇ ಇತ್ತು. ತೋಟದಿಂದ ಬಂದವರ ಕಾಲಿನ ಕೆಸರಿಗೂ ಯಾರನ್ನೂ ಗದರಬೇಕಿಲ್ಲ. ಸಂಜೆ ಮ್ಯಾಟ್ ಎಳೆದು, ಕೊಡವಿ, ಜಗಲಿ ಗೋಡೆಗೆ ಒರಗಿಸಿಡುತ್ತೇನೆ. ತಗಡಿನ ಮೇಲೆ ಬರಿಗೈ ಆಡಿಸಿ ನೋಡುತ್ತೇನೆ.

ಮಳೆ ಕಡಿಮೆ ಇರುವ ಊರಿನಲ್ಲಿದ್ದು, ಕಾರು ಶೆಡ್ಡಿನಲ್ಲೇ ನಿಲ್ಲುವುದಾದರೆ ಕಾರ್ಪೆಟ್ ಹಾಕಿಸಿ. ಮಲೆನಾಡಿನವರಾದರೆ ಆ ದುಡ್ಡನ್ನು ಮೊದಲು ಬೀಡಿಂಗ್‌ಗೆ ಹಾಕಿ. ನನ್ನ ಕಾರ್ಪೆಟ್ಟಿನ ಚೆನ್ನಾಗಿರುವ ಭಾಗ ಕತ್ತರಿಸಿ, ಫೆಲ್ಟ್ ಇಲ್ಲದೆ ಡಿಕ್ಕಿಗೆ ಹಾಸಿದ್ದೇನೆ.