ನಾಯಿಯ ಮಲಕ್ಕೆ ಪಿಸಿಆರ್ ಪರೀಕ್ಷೆ: ಐದಕ್ಕೆ ನಾಲ್ಕು ಸ್ಟಾರ್

ನಮ್ಮ ಕರಿಯ ಬೀದಿಯಿಂದ ಬಂದ ನಾಯಿ. ಅವನು ಅಡ್ಡಾಡುವ ಹಿತ್ತಲಲ್ಲೇ ಮೊಮ್ಮಗಳು ಬರಿಗಾಲಲ್ಲಿ ಆಡುತ್ತಾಳೆ. ಅದಕ್ಕೇ ನಾಯಿ ಡಾಕ್ಟರು, ಮಲದಲ್ಲಿ ಯಾವ ಹುಳುವಿದೆ ಎಂದು ಹೇಳುವ ಈ ಪಿಸಿಆರ್ ಪರೀಕ್ಷೆಗೆ ಬೆಂಗಳೂರಿನ ಲ್ಯಾಬೊಂದರ ಹೆಸರು ಹೇಳಿದಾಗ ತಡಮಾಡಲಿಲ್ಲ.

ಮೊದಲು ಊರಲ್ಲೇ ಮೈಕ್ರೋಸ್ಕೋಪಿನಲ್ಲಿ ನೋಡಿಸಿದ್ದೆವು. ಮಲವನ್ನು ಗಟ್ಟಿ ಉಪ್ಪುನೀರಲ್ಲಿ ಕದಡಿದರೆ ಹುಳುವಿನ ಮೊಟ್ಟೆ ಮೇಲೆ ತೇಲುತ್ತದೆ, ಅದನ್ನು ಗಾಜಿನ ಮೇಲೆ ಹಿಡಿದು ನೋಡುತ್ತಾರೆ. ‘ಕೊಕ್ಕೆಹುಳು ಇದೆ’ ಎಂದು ಚೀಟಿ ಬಂತು. ಯಾವ ಜಾತಿಯ ಕೊಕ್ಕೆಹುಳು? ಅದು ಹಾಗೆ ಗೊತ್ತಾಗಲ್ಲ. ಎಲ್ಲದರ ಮೊಟ್ಟೆಯೂ ನೋಡಲು ಹೆಚ್ಚುಕಮ್ಮಿ ಒಂದೇ ಥರ, ತೆಳು ಸಿಪ್ಪೆ, ಒಳಗೆ ಕೆಲವು ಕೋಶ.

ಆದರೆ ಮನುಷ್ಯರಿಗೆ ಆಗುವ ತೊಂದರೆ ಬೇರೆ ಬೇರೆ. ಆಂಕೈಲೋಸ್ಟೋಮಾ ಕೆನೈನಮ್ ಎಂಬ ಜಾತಿಯ ಮರಿಹುಳು ಚರ್ಮ ಹೊಕ್ಕರೆ ಸಾಮಾನ್ಯವಾಗಿ ತುರಿಕೆಯ ಕೆಂಪು ಗೆರೆಯಷ್ಟೇ. ಆಂಕೈಲೋಸ್ಟೋಮಾ ಸೀಲಾನಿಕಮ್ ಎಂಬ ಇನ್ನೊಂದು ಜಾತಿ ಹಾಗಲ್ಲ, ನಮ್ಮ ಕರುಳಲ್ಲೇ ಬೆಳೆದು ದೊಡ್ಡದಾಗಿ ರಕ್ತ ಹೀರಬಲ್ಲದು. ಪಿಸಿಆರ್ ಹುಳುವಿನ ಡಿಎನ್‌ಎ ನೋಡಿ ಇವೆರಡನ್ನು ಬೇರ್ಪಡಿಸುತ್ತದೆ. ಕರಿಯನ ರಿಪೋರ್ಟಿನಲ್ಲಿ ಸೀಲಾನಿಕಮ್ ಬಂತು. ಆ ಹೆಸರು ನೋಡಿಯೇ ಮಕ್ಕಳ ಡಾಕ್ಟರು ಮೊಮ್ಮಗಳ ಮಲವನ್ನೂ ಪರೀಕ್ಷೆಗೆ ಕಳಿಸಿದರು. ಅವಳಿಗೆ ಏನೂ ಇರಲಿಲ್ಲ, ಸದ್ಯ!

ಲ್ಯಾಬಿನ ಕಿಟ್ ತುಂಬಾ ಚೆನ್ನಾಗಿದೆ. ಮುಚ್ಚಳಕ್ಕೇ ಪುಟ್ಟ ಚಮಚ ಅಂಟಿರುವ ಡಬ್ಬಿ, ಒಳಗೆ ಮಲ ಕೆಡದಂತೆ ಎಥನಾಲ್ ಎಂಬ ಮದ್ಯಸಾರ. ನೆಲಕ್ಕೆ ತಾಗದ ಭಾಗದಿಂದ ಬಟಾಣಿ ಕಾಳಿನಷ್ಟು ತೆಗೆಯಿರಿ, ಲ್ಯಾಬುಗಳಲ್ಲಿ ಮಾದರಿ ಕೊಳೆಯದಂತೆ ಬಳಸುವ ಫಾರ್ಮಲಿನ್ ದ್ರವ ಹಾಕಲೇಬೇಡಿ, ಡಿಎನ್‌ಎ ಕೆಡುತ್ತದೆ ಎಂದು ಚಿತ್ರ ಸಮೇತ ಕನ್ನಡದಲ್ಲೇ ಬರೆದಿದ್ದಾರೆ. ನನಗೆ ಇದು ಬಹಳ ಹಿಡಿಸಿತು.

ಒಂದು ಸ್ಟಾರ್ ಕಡಿತಕ್ಕೆ ಕಾರಣ ರಿಪೋರ್ಟು. ಬರೀ ಇಂಗ್ಲಿಷು, ಮುಂದೇನು ಮಾಡಬೇಕು ಅನ್ನುವ ಒಂದು ಸಾಲೂ ಇಲ್ಲ. ಫೋನ್ ಮಾಡಿದರೆ ‘ನಿಮ್ಮ ಡಾಕ್ಟರನ್ನು ಕೇಳಿ’ ಅಂತಾರೆ. ನೆಗೆಟಿವ್ ಬಂದರೂ ಹುಳು ಇಲ್ಲವೇ ಇಲ್ಲ ಎಂದಲ್ಲ, ಮೊಟ್ಟೆ ದಿನಾ ಒಂದೇ ಸಮ ಬೀಳಲ್ಲ. ಇದನ್ನಾದರೂ ಬರೆಯಬೇಕಿತ್ತು, ಅಲ್ವಾ?

ದರ ಮಾಮೂಲಿ ಪರೀಕ್ಷೆಗಿಂತ ಎಷ್ಟೋ ಜಾಸ್ತಿ. ಎಲ್ಲರಿಗೂ ಬೇಕಿಲ್ಲ. ಚಿಕ್ಕ ಮಕ್ಕಳಿರುವ ಮನೆಗೆ ಖಂಡಿತ ಬೇಕು. ಕುರಿ ಕಡಿಯುವ ಜಾಗದಲ್ಲಿ ಹಸಿ ಈಲಿ, ಶ್ವಾಸಕೋಶ ತಿನ್ನುವ ನಾಯಿಗಂತೂ ಮಾಡಿಸಲೇಬೇಕು. ಎಕಿನೊಕಾಕಸ್ ಎಂಬ ಲಾಡಿಹುಳು ಅದಕ್ಕೆ ಅಂಟುವುದೇ ಹಾಗೆ. ಅದರ ಮೊಟ್ಟೆ ನಮ್ಮ ಹೊಟ್ಟೆ ಸೇರಿದರೆ ಈಲಿಯಲ್ಲಿ ನೀರುಗಂಟು ಕಟ್ಟುತ್ತದೆ. ಮೈಕ್ರೋಸ್ಕೋಪಿನಲ್ಲಿ ಇದರ ಮೊಟ್ಟೆಯನ್ನೂ ಟೀನಿಯಾ ಎಂಬ ಇನ್ನೊಂದು ಲಾಡಿಹುಳುವಿನದರಿಂದ ಬೇರೆ ಮಾಡಲಾಗುವುದಿಲ್ಲ.

ಕಳಿಸುವವರು ಸೋಮವಾರವೇ ಕೊರಿಯರ್ ಮಾಡಿ, ಭಾನುವಾರ ಡಬ್ಬಿ ಗೋಡೌನಿನಲ್ಲಿ ಕೂರುವುದು ತಪ್ಪುತ್ತದೆ.