ಆಲಿವ್ ಕಾಂಡದ ಮಳೆನೀರನ್ನು ಅಳೆಯುವ ರಬ್ಬರ್ ಕೊಳವೆ: ಬಳಸಿ ನೋಡಿದ ಅಭಿಪ್ರಾಯ

ಆಲಿವ್ ತೋಪಿನಲ್ಲಿ ಕೊಂಬೆಗಳಿಂದ ಕಾಂಡಕ್ಕಿಳಿದು ಬುಡ ಸೇರುವ ಮಳೆನೀರನ್ನು ಅಳೆಯುವ ಈ ಸಾಧನದ ರಚನೆ ಸರಳ: ಉದ್ದಕ್ಕೆ ಸೀಳಿದ ರಬ್ಬರ್ ಕೊಳವೆಯನ್ನು ಕಾಂಡಕ್ಕೆ ಇಳಿಜಾರಾಗಿ ಸುತ್ತಿ, ಸಂದುಗಳಿಗೆ ಸಿಲಿಕೋನ್ ಅಂಟು ತುಂಬಿ, ಕೆಳತುದಿಯನ್ನು ಮುಚ್ಚಳವಿರುವ ಡಬ್ಬಿಗೆ ಜೋಡಿಸಬೇಕು. ನಯವಾದ ಬೂದು ತೊಗಟೆಯ ಎಳೆಯ ಮರಗಳಲ್ಲಿ ಇದರ ಕೆಲಸ ನಿಜಕ್ಕೂ ಮೆಚ್ಚುವಂಥದ್ದು. ತೊಗಟೆ ಚೆನ್ನಾಗಿ ನೆನೆದ ಮೇಲೆ ಮೊದಲ ಧಾರೆ ಎಲೆಗಳ ಧೂಳನ್ನು ಹೊತ್ತು ಕಂದು ಬಣ್ಣದಲ್ಲಿ ಇಳಿಯುವುದು, ಮಳೆ ಮುಂದುವರಿದಂತೆ ತಿಳಿಯಾಗುವುದು ಸ್ಪಷ್ಟವಾಗಿ ಕಾಣುತ್ತದೆ.

ಹಳೆಯ ಮರಗಳ ಮಾತೇ ಬೇರೆ. ಅವುಗಳ ಕಾಂಡ ತಿರುಚಿಕೊಂಡು ಆಳವಾಗಿ ಬಿರಿದಿರುವುದರಿಂದ, ಒಂದೇ ಒಂದು ಸಂದು ತೆರೆದಿದ್ದರೂ ನೀರು ಅಳತೆಗೆ ಸಿಗದೆ ಕೊಳವೆಯ ಹಿಂದಿನಿಂದ ಜಾರಿಹೋಗುತ್ತದೆ. ಜೊತೆಗೆ ಕೊಡುವ ಅಂಟು ಅದಕ್ಕೆ ಏನೇನೂ ಸಾಲದು. ಡಬ್ಬಿಯ ಲೀಟರ್ ಲೆಕ್ಕವನ್ನು ಮಳೆಯೊಂದಿಗೆ ಹೋಲಿಸಲು ಮರದ ಹರವಿನ ವಿಸ್ತೀರ್ಣದಿಂದ ಭಾಗಿಸಬೇಕೆಂದು (1 ಚದರ ಮೀಟರಿಗೆ 1 ಲೀಟರ್ ಎಂದರೆ 1 ಮಿಲಿಮೀಟರ್) ಕೈಪಿಡಿ ತಿಳಿಸಬೇಕಿತ್ತು. ಒಟ್ಟು ಮಳೆಯಲ್ಲಿ ಕಾಂಡದ ಪಾಲು ಸಣ್ಣದು; ಆದರೂ ಅದಷ್ಟೂ ಬುಡದ ಸುತ್ತಲಿನ ಕಿರಿದಾದ ಮಣ್ಣಿಗೇ ಇಳಿಯುವುದರಿಂದ ಅಳೆಯದೆ ಬಿಡುವಂತಿಲ್ಲ. ಎಳೆಯ ತೋಪಿಗೆ ಧಾರಾಳವಾಗಿ ಕೊಳ್ಳಬಹುದು. ಹಳೆಯ ಮರಗಳಿಗಾದರೆ ಹೆಚ್ಚುವರಿ ಅಂಟನ್ನು ಜೊತೆಗೇ ತರಿಸಿಕೊಳ್ಳಿ.