4ಕೆ ಲ್ಯಾಪ್‌ಟಾಪ್ ಕೊಳ್ಳುವ ಮುಂಚೆ ನಿಮ್ಮ ಹಳೆಯ ಡಿಟಿಪಿ ಸಾಫ್ಟ್‌ವೇರನ್ನು ಅದರಲ್ಲೇ ಓಡಿಸಿ ನೋಡಿ

ಲಗ್ನಪತ್ರಿಕೆ, ಸ್ಮರಣ ಸಂಚಿಕೆ, ಪುಸ್ತಕದ ಪುಟ ಕಟ್ಟಿ ಬದುಕುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನೀವು ಇನ್ನೂ ಹಳೆಯ ಪುಟವಿನ್ಯಾಸ (ಡಿಟಿಪಿ) ಸಾಫ್ಟ್‌ವೇರನ್ನೇ ನೆಚ್ಚಿಕೊಂಡಿದ್ದರೆ 4ಕೆ (3840×2160 ಪಿಕ್ಸೆಲ್) ಪರದೆಯ ಲ್ಯಾಪ್‌ಟಾಪಿಗೆ ದುಡ್ಡು ಕಟ್ಟಬೇಡಿ. ಕನಿಷ್ಠ ಇದನ್ನು ಓದಿ ಆಮೇಲೆ ಕಟ್ಟಿ. ನಮ್ಮ ಪ್ರೆಸ್ಸಿಗೆ ಅಂಥದ್ದೊಂದು ಬಂದು, ಮದುವೆ ಸೀಸನ್ನಿನ ನಡುವೆ ಕೆಲಸವೇ ನಿಂತುಹೋಯಿತು.

ಅಂಗಡಿಯಲ್ಲಿ ನಾವು ಕೇಳಿದ್ದು ಒಂದೇ ಮಾತು: ನಾವು ಬಳಸುವ ಸಾಫ್ಟ್‌ವೇರ್ ಇದರಲ್ಲಿ ನಡೆಯುತ್ತದಾ? "ಎಲ್ಲಾ ಓಡುತ್ತೆ ಅಕ್ಕ, ಡಿಸೈನ್ ಕೆಲಸಕ್ಕೆ ಇದಕ್ಕಿಂತ ಒಳ್ಳೇದು ಇಲ್ಲ" ಎಂದರು. ಓಡಿದ್ದು ನಿಜ. ಇನ್‌ಸ್ಟಾಲ್ ಆಯಿತು, ಹಳೆಯ ಫೈಲುಗಳೂ ತೆರೆದುಕೊಂಡವು. ಆದರೆ ವಿಂಡೋಸ್‌ನ ಮೆನು, ಬ್ರೌಸರ್ ಎಲ್ಲ ಅಚ್ಚುಕಟ್ಟಾಗಿ ಕಾಣುವ ಅದೇ ಪರದೆಯಲ್ಲಿ ನಮ್ಮ ಪುಟ ಮಾತ್ರ ಮಸುಕು ಮಸುಕು.

ಇಂಗ್ಲಿಷಿನಲ್ಲಾದರೆ ಹೇಗೋ ತಳ್ಳಬಹುದಿತ್ತೇನೋ. ಕನ್ನಡದಲ್ಲಿ ಆಗುವುದಿಲ್ಲ. ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ, ಇವುಗಳ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು. ಹೊಟ್ಟೆ ಸೀಳಿದ ಷ ಬೇರೆಯಾಗುವುದೂ ಒಂದು ಗೆರೆಯಿಂದ. ಹತ್ತು ಪಾಯಿಂಟಿನ ಅಕ್ಷರಕ್ಕೆ ಪರದೆಯ ಮೇಲೆ ಸಿಗುವುದೇ ಸುಮಾರು 13 ಪಿಕ್ಸೆಲ್ ಎತ್ತರ, ಅದರಲ್ಲಿ ಸೀಳಿನ ಪಾಲು ಒಂದೋ ಎರಡೋ. ಅದು ಕದಡಿದರೆ ಎರಡು ಅಕ್ಷರ ಒಂದೇ ಆಗಿಬಿಡುತ್ತವೆ. ಲಗ್ನಪತ್ರಿಕೆಯೊಂದರಲ್ಲಿ ವರನ ಹೆಸರು "ದನಂಜಯ" ಎಂದಾಗಿತ್ತು. ಪರದೆಯ ಮೇಲೆ ಇಬ್ಬರು ಓದಿದರೂ ಗೊತ್ತಾಗಲಿಲ್ಲ, ಕಾಗದದ ಪ್ರೂಫ್ ತೆಗೆದಾಗ ಕಂಡಿತು. ಹಾಗೇ ಮುದ್ರಣದ ಪ್ಲೇಟಿಗೆ ಹೋಗಿದ್ದರೆ ಆ ಮನೆಯವರಿಗೆ ಏನು ಮುಖ ತೋರಿಸುವುದು? ಝೂಮ್ ಮಾಡಿ ಓದಿ ಎನ್ನುತ್ತಾರೆ. ಓದಬಹುದು, ಆದರೆ ಆಗ ಪುಟದ ಒಂದು ಮೂಲೆ ಮಾತ್ರ ಕಾಣುತ್ತದೆ.

ಕಾರಣ ಹುಡುಕುತ್ತಾ ಹೋದಾಗ ತಿಳಿದದ್ದು ಇದು. 15.6 ಇಂಚಿನ 4ಕೆ ಪರದೆಯಲ್ಲಿ ಒಂದು ಇಂಚಿಗೆ ಸುಮಾರು 282 ಪಿಕ್ಸೆಲ್. ಅಷ್ಟೇ ಅಗಲದ ಫುಲ್ ಎಚ್‌ಡಿಯಲ್ಲಿ (1920×1080 ಪಿಕ್ಸೆಲ್) 141. ಹಳೆಯ ಸಾಫ್ಟ್‌ವೇರುಗಳು ಇಂಚಿಗೆ 96 ಎಂದು ನಂಬಿಕೊಂಡು ಹುಟ್ಟಿದವು. ಹಾಗೇ ಬಿಟ್ಟರೆ 4ಕೆ ಪರದೆಯಲ್ಲಿ ಎಲ್ಲ ತೀರಾ ಚಿಕ್ಕದಾಗಿ ಕಾಣುತ್ತದೆ. ಆದ್ದರಿಂದ ವಿಂಡೋಸ್ 250% ಸ್ಕೇಲಿಂಗ್ (ಹಿಗ್ಗಿಸುವಿಕೆ) ಇಟ್ಟು, ಆ ಸಾಫ್ಟ್‌ವೇರಿಗೆ "ನಿನ್ನ ಪರದೆ 1536×864 ಮಾತ್ರ" ಎಂದು ಹೇಳಿ, ಅದು ಬರೆದ ಚಿತ್ರವನ್ನು ಎರಡೂವರೆ ಪಟ್ಟು ಎಳೆದು ತೋರಿಸುತ್ತದೆ. ಜೆರಾಕ್ಸ್ ಪ್ರತಿಯನ್ನೇ ಮತ್ತೆ ದೊಡ್ಡದು ಮಾಡಿ ಜೆರಾಕ್ಸ್ ತೆಗೆದ ಹಾಗೆ. 83 ಲಕ್ಷ ಪಿಕ್ಸೆಲ್‌ಗೆ ದುಡ್ಡು ಕೊಟ್ಟ ನಮಗೆ ದಕ್ಕಿದ್ದು 13 ಲಕ್ಷದ ಕೆಲಸ. ನಮ್ಮ ಹಳೆಯ ಫುಲ್ ಎಚ್‌ಡಿ ಯಂತ್ರವೇ 100%ನಲ್ಲಿ ಇದಕ್ಕಿಂತ ಹೆಚ್ಚು ಪುಟ ತೋರಿಸುತ್ತಿತ್ತು, ಸ್ಪಷ್ಟವಾಗಿಯೂ ತೋರಿಸುತ್ತಿತ್ತು.

ಸೆಟ್ಟಿಂಗ್ ಇದೆ, ಹೌದು. ಪ್ರೋಗ್ರಾಂ ಐಕಾನ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಅಲ್ಲಿ ಹೈ ಡಿಪಿಐ ಸೆಟ್ಟಿಂಗ್ಸ್. ಮೂರು ಆಯ್ಕೆ. "ಅಪ್ಲಿಕೇಶನ್" ಎಂದು ಕೊಟ್ಟರೆ ಅಕ್ಷರ ಚೂಪಾಗುತ್ತದೆ, ಆದರೆ 16 ಪಿಕ್ಸೆಲ್‌ನ ಟೂಲ್ ಐಕಾನ್ ಒಂದೂವರೆ ಮಿಲಿಮೀಟರಿಗೆ ಇಳಿಯುತ್ತದೆ. ನಮ್ಮಲ್ಲಿ ಅರವತ್ತು ದಾಟಿದ ಹಿರಿಯರೊಬ್ಬರು ಪುಟ ಕಟ್ಟುತ್ತಾರೆ, ಅವರ ಕಣ್ಣಿಗೆ ಅದು ಹಿಂಸೆ. "ಸಿಸ್ಟಮ್" ಎಂದರೆ ಮತ್ತೆ ಅದೇ ಮಸುಕು. 2017ರಲ್ಲಿ ವಿಂಡೋಸ್ 10ಕ್ಕೆ ಬಂದ "ಸಿಸ್ಟಮ್ ಎನ್‌ಹಾನ್ಸ್ಡ್" ಕೆಲವು ಹಳೆಯ ಪ್ರೋಗ್ರಾಂಗಳಲ್ಲಿ ಅಕ್ಷರವನ್ನು ಚೂಪು ಮಾಡುತ್ತದೆ, ಮೊದಲು ಅದನ್ನೇ ಪ್ರಯತ್ನಿಸಿ. ನಮ್ಮದರಲ್ಲಿ ಡೈಲಾಗ್ ಪೆಟ್ಟಿಗೆಗಳು ಕಲಸಿಹೋದವು. ಪರದೆಯ ರೆಸಲ್ಯೂಶನ್ನನ್ನೇ ಫುಲ್ ಎಚ್‌ಡಿಗೆ ಇಳಿಸಿದೆವು, ಆಗ ಇಡೀ ಪರದೆಯೇ ಮಬ್ಬಾಯಿತು.

ಹೊಸ ಸಾಫ್ಟ್‌ವೇರ್ ಹಾಕಿಸಿ ಎಂಬ ಉತ್ತರ ಎಲ್ಲರ ಬಾಯಲ್ಲೂ ಇದೆ. ಯೂನಿಕೋಡಿಗಿಂತ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತಪದ್ಧತಿ) ಹಿಂದಿನ ಫಾಂಟುಗಳಲ್ಲಿ ಕಟ್ಟಿದ ವರ್ಷಗಟ್ಟಲೆಯ ಫೈಲುಗಳು ನಮ್ಮಲ್ಲಿವೆ. ಪುಸ್ತಕದ ಮರುಮುದ್ರಣಕ್ಕೆ ಬರುವವರು ಅವನ್ನೇ ಕೇಳುತ್ತಾರೆ. ಯೂನಿಕೋಡಿಗೆ ಪರಿವರ್ತಿಸಿದರೆ ಸಾಲು ಮುರಿಯುವ ಜಾಗ ಬದಲಾಗಿ ಪುಟವಿಡೀ ಮತ್ತೆ ಕಟ್ಟಬೇಕು. ಸಣ್ಣ ಪ್ರೆಸ್ಸಿಗೆ ಇದು ಒಂದು ದಿನದ ಮಾತಲ್ಲ. ಡಿಟಿಪಿಯವರಿಗೆ ಮಾತ್ರ ಬರುವ ತೊಂದರೆಯೂ ಅಲ್ಲ ಇದು. 2012ರ ಫೋಟೋಶಾಪ್ ಸಿಎಸ್6 ಇಟ್ಟುಕೊಂಡ ಫೋಟೋ ಸ್ಟುಡಿಯೋದವರಿಗೂ ಇಂಥ ಪರದೆಯಲ್ಲಿ ಐಕಾನ್‌ಗಳು ಸಾಸಿವೆಯಷ್ಟೇ ಕಾಣುವುದು. ಜಾವಾ ಎಂಬ ತಂತ್ರಾಂಶ ವೇದಿಕೆಯ 8ನೇ ಆವೃತ್ತಿಯ ಮೇಲೆ ನಡೆಯುವ ಲೆಕ್ಕಪತ್ರದ ಉಪಕರಣಗಳದ್ದೂ ಇದೇ ಪಾಡು. ವಿಂಡೋಸ್‌ನಲ್ಲಿ ಜಾವಾ ಇಂಥ ಪರದೆಗೆ ಹೊಂದಿಕೊಂಡಿದ್ದು 2017ರ ಜಾವಾ 9ರಿಂದ.

ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. "ಸ್ಕ್ರೀನಲ್ಲಿ ಡಿಫೆಕ್ಟ್ ಇಲ್ವಲ್ಲ ಅಕ್ಕ, ಸಾಫ್ಟ್‌ವೇರ್ ನಿಮ್ದು." ಸರ್ವಿಸ್ ಸೆಂಟರಿನವರ ಮಾತೂ ಅದೇ. ಕಾಗದದ ಮೇಲೆ ಅವರು ಹೇಳಿದ್ದು ಸರಿ ಇರಬಹುದು, ಆದರೆ "ಎಲ್ಲಾ ಓಡುತ್ತೆ" ಎಂದು ಮಾರುವಾಗ ಈ ಮಾತು ಯಾಕೆ ಬರಲಿಲ್ಲ?

ಆದ್ದರಿಂದ ಓಡುತ್ತದಾ ಎಂದು ಕೇಳಬೇಡಿ, ಓಡಿಸಿ ತೋರಿಸಿ ಎನ್ನಿ. ನಿಮ್ಮ ಸಾಫ್ಟ್‌ವೇರ್ ಮತ್ತು ನಿಮ್ಮದೇ ಒಂದು ಕನ್ನಡ ಪುಟವನ್ನು ಪೆನ್‌ಡ್ರೈವಿನಲ್ಲಿ ಒಯ್ದು, ಡೆಮೊ ಯಂತ್ರದಲ್ಲಿ ಹಾಕಿ, ಹತ್ತು ಪಾಯಿಂಟಿನಲ್ಲಿ ಧ, ಫ, ಢ ಇರುವ ಸಾಲನ್ನು ಝೂಮ್ ಮಾಡದೆ ಓದಿ. ಅಂಗಡಿಯವರು ಇದಕ್ಕೆ ಒಪ್ಪದಿದ್ದರೆ ಫುಲ್ ಎಚ್‌ಡಿ ಪರದೆಯದ್ದನ್ನೇ ಕೇಳಿ. ಬೆಲೆಯೂ ಕಡಿಮೆ, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ.

ಈಗಾಗಲೇ ಕೊಂಡಾಗಿದ್ದರೆ 24 ಇಂಚಿನ ಫುಲ್ ಎಚ್‌ಡಿ ಮಾನಿಟರ್ ಜೋಡಿಸಿ, ಅದಕ್ಕೆ 100% ಸ್ಕೇಲಿಂಗ್ ಕೊಟ್ಟು, ಅದನ್ನೇ ಮುಖ್ಯ ಪರದೆ ಮಾಡಿಕೊಳ್ಳಿ. ನಾವೀಗ ಹಾಗೇ ನಡೆಸುತ್ತಿದ್ದೇವೆ. ಮಾನಿಟರ್ ಜೋಡಿಸಿದ ಮೇಲೆ ಒಮ್ಮೆ ಸೈನ್ ಔಟ್ ಮಾಡಿ ಒಳಬನ್ನಿ. ಕೆಲವು ಪ್ರೋಗ್ರಾಂಗಳು ಸೈನ್ ಇನ್ ಆದ ಹೊತ್ತಿನ ಮುಖ್ಯ ಪರದೆಯ ಅಳತೆಯನ್ನೇ ಹಿಡಿದುಕೊಂಡು ಕೂರುತ್ತವೆ. ಸೈನ್ ಔಟ್ ಮಾಡದಿದ್ದರೆ ಹೊಸ ಮಾನಿಟರಿನಲ್ಲೂ ಮಸುಕಾಗಿಯೇ ಕಂಡು, ಅದೂ ದಂಡ ಅನ್ನಿಸೀತು.